ಅಜ್ಜಿಮನೆಯ ಹಾದಿಯಲ್ಲಿ ಕಡಲು

ವೆಸ್ಟ್ ಇಂಡೀಸ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕ್ರಿಕೆಟ್. ಆದರೆ ಅಮೆರಿಕ, ಯುರೋಪುಗಳ ಮಧ್ಯಮವರ್ಗದವರಿಗೆ ಆ ಕೆರೀಬಿಯನ್ ದ್ವೀಪಗಳೆಂದರೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿ ವಾರವೊಂದನ್ನು ಕಳೆದು ಬರುವ ಕಡಲತೀರ. ಬಿಳಿ ಹೊಯ್ಗೆ, ತೆಂಗಿನ ಮರ, ನೀಲಿ ನೀರು, ಸಂಜೆಯ ಗಾಳಿ. ಈ ವರ್ಣನೆಯನ್ನು ಮರವಂತೆಯಲ್ಲೋ ಬೈಂದೂರಿನ ಸೋಮೇಶ್ವರದಲ್ಲೋ ನಿಂತು ಕೇಳಿದವರಿಗೆ ನಗು ಬಂದೀತು. ಇವೆಲ್ಲವೂ ಇಲ್ಲಿಯೂ ಇವೆ. ಆದರೂ ಕುಂದಾಪುರ ಸೀಮೆಗೆ ಮಕ್ಕಳೊಡನೆ ಬೇಸಿಗೆ ರಜೆಗೆ ಬರುವ ಕುಟುಂಬಗಳು ತಲೆಮಾರುಗಳಿಂದ ಬಂದದ್ದು ಕಡಲು ನೋಡಲಿಕ್ಕಲ್ಲ. ಅವರು ಬಂದದ್ದು ಅಜ್ಜಿಮನೆಗೆ. ಕಡಲು ದಾರಿಯಲ್ಲಿ ಸಿಕ್ಕಿತು, ಅಷ್ಟೆ.

ಕಡಲತಡಿಯ ರಜೆ ಎಂಬ ಕಲ್ಪನೆ ಜಗತ್ತಿನಲ್ಲಿ ಹುಟ್ಟಿದ್ದು ಹೇಗೆ, ನಮ್ಮ ಕರಾವಳಿಯಲ್ಲಿ ಅದು ಬೇರೊಂದು ರೂಪ ತಳೆದದ್ದು ಏಕೆ ಎಂಬುದು ಕುತೂಹಲಕರ ಚರಿತ್ರೆ.

ವೈದ್ಯರು ತೋರಿಸಿದ ಕಡಲು

ಸುಖಕ್ಕಾಗಿ ಸಮುದ್ರದ ದಂಡೆಗೆ ಹೋಗುವ ಪದ್ಧತಿ ಯುರೋಪಿನಲ್ಲೂ ತೀರ ಹಳೆಯದೇನಲ್ಲ. 18ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯ, ಉಪ್ಪುನೀರಿನ ಸ್ನಾನ ಮತ್ತು ಪಾನ ಎರಡೂ ರೋಗಗಳಿಗೆ ಮದ್ದೆಂದು ಗ್ರಂಥ ಬರೆದ. ಶ್ರೀಮಂತರು ಬ್ರೈಟನ್ನಿನತ್ತ ಧಾವಿಸಿದರು. ಮುಂದಿನ ಶತಮಾನದಲ್ಲಿ ರೈಲು ಬಂದ ಮೇಲೆ ಕಾರ್ಖಾನೆಯ ಕೆಲಸಗಾರರೂ ಮಕ್ಕಳನ್ನು ಕರೆದುಕೊಂಡು ಕಡಲಿಗೆ ಹೊರಟರು. 1871ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬ್ಯಾಂಕ್ ರಜೆಗಳ ಕಾಯಿದೆ ಮಾಡಿತು. 1936ರಲ್ಲಿ ಫ್ರಾನ್ಸ್ ತನ್ನ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಿನಿಂದಲೇ ಕೊಟ್ಟಿತು. ರಜೆ, ಸಂಬಳ ಮತ್ತು ಸಾರಿಗೆ ಈ ಮೂರೂ ಕೂಡಿದಾಗಲೇ ಕುಟುಂಬದ ಪ್ರವಾಸ ಹುಟ್ಟಿತು ಎನ್ನಬಹುದು.

ಕೆರೀಬಿಯನ್ನಿಗೆ ಪ್ರವಾಸಿಗರನ್ನು ತಂದದ್ದು ಬಾಳೆಹಣ್ಣು ಎಂದರೆ ಆಶ್ಚರ್ಯವಾದೀತು. 19ನೇ ಶತಮಾನದ ಕೊನೆಯಲ್ಲಿ ಜಮೈಕದಿಂದ ಅಮೆರಿಕಕ್ಕೆ ಬಾಳೆಗೊನೆ ಹೊತ್ತು ಹೋಗುತ್ತಿದ್ದ ಹಡಗುಗಳು ಮರಳುವಾಗ ಖಾಲಿ ಬರುವ ಬದಲು ಚಳಿಗಂಜಿದ ಸಿರಿವಂತರನ್ನು ಹತ್ತಿಸಿಕೊಂಡು ಬಂದವು. ಅಲ್ಲಿಯ ಮಾಂಟೆಗೊ ಬೇ ಪಟ್ಟಣದಲ್ಲಿ ಮೆಕ್ಯಾಟಿ ಎಂಬ ವೈದ್ಯ 1906ರಲ್ಲಿ ತನ್ನ ಒಡೆತನದ ಕಡಲತೀರವನ್ನು ಸ್ನಾನದ ಕ್ಲಬ್ಬಿಗೆ ಬಿಟ್ಟುಕೊಟ್ಟ. ಊರು ಬೆಳೆದು ಪ್ರಸಿದ್ಧ ವಿಹಾರಧಾಮವಾಯಿತು. ಆದರೆ ಒಂದು ತೊಡಕೂ ಜೊತೆಗೇ ಬೆಳೆಯಿತು. ಒಳ್ಳೆಯ ತೀರಗಳು ಕ್ಲಬ್ಬು ಮತ್ತು ಹೋಟೆಲುಗಳ ಬೇಲಿಯೊಳಗೆ ಸೇರಿಕೊಂಡವು. ಜಮೈಕದ 1956ರ ತೀರ ನಿಯಂತ್ರಣ ಕಾಯಿದೆ ಜನಸಾಮಾನ್ಯರಿಗೆ ಕಡಲಸ್ನಾನದ ಸಾರ್ವತ್ರಿಕ ಹಕ್ಕನ್ನು ಕೊಡಲಿಲ್ಲ ಎಂಬ ದೂರು ಅಲ್ಲಿ ಇಂದಿಗೂ ಕೇಳಿಬರುತ್ತದೆ. ಹುಟ್ಟಿದ ಊರಿನ ಕಡಲಿಗೇ ಹೊರಗಿನವರಾಗುವ ದುಃಖ ಅದು.

ಬೆಟ್ಟಕ್ಕೆ ಓಡಿದ ಬ್ರಿಟಿಷರು

ಕುಂದಾಪುರ ಬ್ರಿಟಿಷರ ಕೈಸೇರಿದ್ದು 1799ರಲ್ಲಿ, ಟಿಪ್ಪುವಿನ ಪತನಾನಂತರ. ಕನ್ನಡ ಜಿಲ್ಲೆಯನ್ನು ಇಬ್ಭಾಗಿಸಿದಾಗ ಉತ್ತರ ಕನ್ನಡಕ್ಕೆ ಸೇರಿದ್ದ ಈ ತಾಲೂಕು, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದಾಗ ಮದ್ರಾಸಿನ ಆಡಳಿತದಲ್ಲೇ ಉಳಿದು ದಕ್ಷಿಣ ಕನ್ನಡದ ಭಾಗವಾಯಿತು. ತಮ್ಮ ದೇಶದಲ್ಲಿ ಕಡಲನ್ನು ಅಷ್ಟೊಂದು ಹಚ್ಚಿಕೊಂಡಿದ್ದ ಆಂಗ್ಲ ಅಧಿಕಾರಿಗಳು ಇಲ್ಲಿ ಮಾತ್ರ ಬೇಸಿಗೆಯಲ್ಲಿ ಕಡಲಿಗೆ ಬೆನ್ನು ಹಾಕಿದರು. ಏಪ್ರಿಲ್, ಮೇ ತಿಂಗಳ ಸೆಕೆ ಅವರಿಗೆ ತಡೆಯಲಿಲ್ಲ. ಮದ್ರಾಸ್ ಸರಕಾರ ಊಟಿಗೆ ಹೋಗುತ್ತಿತ್ತು. ದಕ್ಷಿಣ ಕನ್ನಡದ ಕಲೆಕ್ಟರರಿಗೆ ಕುದುರೆಮುಖದ ನೆತ್ತಿಯ ಮೇಲೊಂದು ಬಂಗಲೆಯಿತ್ತು. ಹೀಗಾಗಿ ನಮ್ಮ ತೀರದಲ್ಲಿ ಬ್ರೈಟನ್ ಹುಟ್ಟಲಿಲ್ಲ.

ಹಾಗೆಂದು ಇಲ್ಲಿಯ ಜನಕ್ಕೆ ಕಡಲಸ್ನಾನ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೊಂದು ದಿನ, ಒಂದು ಕಟ್ಟಳೆ ಇತ್ತು. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಜಾತ್ರೆ. ಒಂದು ಬದಿಗೆ ಮೊರೆಯುವ ಕಡಲು, ಇನ್ನೊಂದು ಬದಿಗೆ ತುಂಬಿ ಹರಿಯುವ ಸೌಪರ್ಣಿಕೆ. ಮೀನುಗಾರರು, ಕೃಷಿಕರು, ಹೊಸದಾಗಿ ಮದುವೆಯಾದ ಜೋಡಿಗಳು ಕಡಲಿನಲ್ಲೂ ಹೊಳೆಯಲ್ಲೂ ಮಿಂದು ದೇವರಿಗೆ ಕೈಮುಗಿಯುತ್ತಾರೆ. ಕೋಟೇಶ್ವರದ ಕೊಡಿಹಬ್ಬಕ್ಕೂ ನವದಂಪತಿಗಳು ಬಂದು ಕಬ್ಬಿನ ಕೊಡಿ ಒಯ್ಯುವುದುಂಟು. ಸಂಸಾರದ ಮೊದಲ ಪ್ರವಾಸವೆಂದರೆ ಇದೇ. ಉಳಿದ ದಿನಗಳಲ್ಲಿ ಕಡಲು ದುಡಿಮೆಯ ಜಾಗ. ದೋಣಿ, ಬಲೆ, ಒಣಮೀನು, ತೆಂಗಿನ ನಾರು. ದುಡಿಯುವ ಜಾಗದಲ್ಲಿ ಯಾರೂ ಚಾಪೆ ಹಾಸಿ ಮಲಗುವುದಿಲ್ಲ.

ಹೋದವರು, ಬಂದವರು

ರಜೆಗೆ ಬರಬೇಕಾದರೆ ಮೊದಲು ಊರು ಬಿಟ್ಟು ಹೋಗಿರಬೇಕು. ಕುಂದಾಪುರ ಸೀಮೆಯ ಜನ 20ನೇ ಶತಮಾನದ ಆರಂಭದಿಂದಲೇ ದೊಡ್ಡ ಸಂಖ್ಯೆಯಲ್ಲಿ ಹೊರಟರು. ಗದ್ದೆ ಚಿಕ್ಕದು, ಮನೆಯಲ್ಲಿ ಬಾಯಿ ಹಲವು, ಗೇಣಿ ಭಾರ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ; ಬಂಟರ ಸಂಘ 1927ರಲ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಕಾಫಿ ಕ್ಲಬ್ಬಾಗಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲನ್ನು ಕಟ್ಟಿದ ಮಯ್ಯ ಸಹೋದರರು ಇಂದಿನ ಬ್ರಹ್ಮಾವರ ತಾಲೂಕಿನ ಪಾರಂಪಳ್ಳಿಯವರು. ಅಲ್ಲಿಂದೀಚೆಗೆ ಹೋಟೆಲು ಈ ಸೀಮೆಯ ಎರಡನೆಯ ಬೇಸಾಯವಾಯಿತು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದಾಗ, ಭೂಮಿ ಕಳೆದುಕೊಂಡ ಮನೆಗಳ ಹುಡುಗರೂ ಬ್ಯಾಂಕು, ಹೋಟೆಲು, ಕಚೇರಿಗಳತ್ತ ಮುಖ ಮಾಡಿದರು.

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಇದೇ ಕಡಲತಡಿಯ ಮೂರು ತಲೆಮಾರುಗಳ ಕಥೆ. ಅದರ ಹೆಸರೇ ಹೇಳುವಂತೆ, ಹೋಗುವುದಕ್ಕಿಂತ ಮರಳುವುದು ಅಲ್ಲಿ ದೊಡ್ಡ ಸಂಗತಿ.

ಹೋದವರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುವುದು ಸುಲಭವಿರಲಿಲ್ಲ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಮುಂಬಯಿಯಿಂದ ಕರಾವಳಿಯ ಹಡಗುಗಳಿದ್ದವು. ಮಂಗಳೂರಿಗೆ ರೈಲು 1907ರಲ್ಲೇ ಬಂದರೂ ಮುಂಬಯಿಯವರು ಅದನ್ನು ಹಿಡಿಯಲು ತಮಿಳುನಾಡು, ಕೇರಳ ಸುತ್ತಬೇಕಿತ್ತು. ಮಂಗಳೂರಿನಿಂದ ಉತ್ತರಕ್ಕೆ ಬಂದರೆ ನೇತ್ರಾವತಿಯ ಈಚೆಗೂ ಹೊಳೆಗಳ ಸಾಲು. ಸ್ವರ್ಣಾ, ಸೀತಾ, ಕುಂದಾಪುರದ ಸುತ್ತಲಿನ ಪಂಚಗಂಗಾವಳಿ. ಬಸ್ಸಿನಿಂದ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತುವುದು. ಟ್ರಂಕು, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸೇತುವೆಗಳು ಒಂದೊಂದಾಗಿ ಎದ್ದ ಮೇಲೆ ಈ ಕಷ್ಟ ತೀರಿತು. ಆದರೆ ದೋಣಿಗಾಗಿ ಕಾಯುವಾಗ ಕಾಲು ನೀರಿಗೆ ಇಳಿಬಿಟ್ಟು ಕೂರುತ್ತಿದ್ದ ಮಕ್ಕಳ ಸುಖವೂ ಅದರೊಡನೆ ಮುಗಿಯಿತು.

1956ರಲ್ಲಿ ಕೇಂದ್ರ ಸರಕಾರ ತನ್ನ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿಯನ್ನು ಆರಂಭಿಸಿತು. ಗಮನಾರ್ಹ ಸಂಗತಿಯೆಂದರೆ, ಮೊದಲಿಗೆ ಅದು ಸಿಗುತ್ತಿದ್ದುದು ಹುಟ್ಟೂರಿಗೆ ಹೋಗಿಬರಲು ಮಾತ್ರ. ಬೇರೆ ಊರು ನೋಡುವ ಅವಕಾಶ ಸೇರಿದ್ದು ತಡವಾಗಿ. ಪ್ರವಾಸವೆಂದರೆ ಹೊಸ ಜಾಗ ಕಾಣುವುದು ಎಂದು ಯುರೋಪಿನವರು ತಿಳಿದಿದ್ದ ಹೊತ್ತಿನಲ್ಲಿ, ಪ್ರವಾಸವೆಂದರೆ ಮನೆಗೆ ಮರಳುವುದು ಎಂಬ ನಮ್ಮ ಜನರ ತಿಳಿವಳಿಕೆಯನ್ನೇ ಸರಕಾರವೂ ಒಪ್ಪಿತ್ತು ಎಂದಾಯಿತು.

1998ರಲ್ಲಿ ಕೊಂಕಣ ರೈಲು ಮಾರ್ಗ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಬಾರಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರು, ಶಿರೂರು ಎಲ್ಲೆಲ್ಲೂ ನಿಲ್ದಾಣಗಳು. ಮುಂಬಯಿಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದವರು ಮರುದಿನ ನಸುಕಿನಲ್ಲಿ ಅಜ್ಜಿಮನೆಯ ಅಂಗಳದಲ್ಲಿ!

ಮೇ ತಿಂಗಳ ಊರು

ಹಾಗೆ ಬಂದವರಿಗೆ ಮೊದಲು ಎದುರಾಗುವುದು ಎರಡು ಪ್ರಶ್ನೆ. ‘ಹ್ವಾಯ್, ಯಾವಾಗ ಬಂದದ್?’ ಅದಕ್ಕೆ ಉತ್ತರ ಸಿಗುವ ಮುಂಚೆಯೇ ‘ಯಾವಾಗ ಹೋಪ್ದ್?’ ಪರವೂರಿನವರಿಗೆ ಇದು ಒರಟಾಗಿ ಕಂಡೀತು. ಎಷ್ಟು ದಿನ ಸಿಗುತ್ತೀರಿ ಎಂಬ ಲೆಕ್ಕಾಚಾರ ಅದರೊಳಗಿದೆ.

ಮಕ್ಕಳ ದಿನಚರಿಗೆ ಯಾರೂ ಯೋಜನೆ ಹಾಕಬೇಕಾಗಿರಲಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಬಳಿಕ ಗೇರುಹಣ್ಣು, ಕಾಟುಮಾವು. ಚಾಪೆಯ ಮೇಲೆ ಒಣಗುವ ಹಲಸಿನ ಹಪ್ಪಳಕ್ಕೆ ಕಾಗೆ ಕಾಯುವ ನೆಪದಲ್ಲಿ ಹಸಿ ಹಪ್ಪಳ ತಿನ್ನುವುದು. ಒಂದು ದಿನ ಆನೆಗುಡ್ಡೆ, ಒಂದು ದಿನ ಕೊಲ್ಲೂರು. ಶಾಲೆಗೆ ಸೇರಬೇಕಾದ ಕೂಸಿಗೆ ಮೂಕಾಂಬಿಕೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ. ರಾತ್ರಿ ಯಕ್ಷಗಾನ. ಮೇಳಗಳ ತಿರುಗಾಟ ಮುಗಿಯುವುದು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಊರಿಗೆ ಬಂದ ಮುಂಬಯಿಯವರು ಹರಕೆಯಾಟ ಆಡಿಸಲು ಅನುಕೂಲವಾದ ಕಾಲವೂ ಅದೇ. ಕನ್ನಡ ಓದಲು ಬಾರದ ಮಕ್ಕಳು ಚೌಕಿಯ ಪಕ್ಕದಲ್ಲಿ ನಿಂತು ಬಣ್ಣದ ವೇಷ ನೋಡಿ ಬೆಚ್ಚಿ, ಅಮ್ಮಮ್ಮನ ಮಡಿಲಲ್ಲಿ ನಿದ್ದೆಹೋದರು.

ಕಡಲಿಗೆ ಹೋಗುವುದು ಸಂಜೆ, ದೊಡ್ಡವರ ಜೊತೆಗೆ. ಮೊಣಕಾಲು ಮಟ್ಟಕ್ಕಿಂತ ಮುಂದೆ ಬಿಡುತ್ತಿರಲಿಲ್ಲ. ಆ ಕಟ್ಟುಪಾಡಿಗೆ ಕಾರಣವಿತ್ತು. ಮರವಂತೆ, ತ್ರಾಸಿಯ ತೀರ ಇಳಿಜಾರು ಹೆಚ್ಚು. ನಾಲ್ಕು ಹೆಜ್ಜೆಗೆ ಆಳ. ದಡಕ್ಕೆ ಬಡಿದ ಅಲೆಗಳ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ ಓಣಿಯಂತೆ ಸೇರಿ ರಭಸದಿಂದ ಒಳಕ್ಕೆ ಸೆಳೆಯುತ್ತದೆ. ಮೇಲಿನಿಂದ ನೋಡಿದರೆ ಅಲ್ಲಿಯೇ ನೀರು ಶಾಂತವಾಗಿರುವಂತೆ ಕಾಣುವುದು ಮೋಸ. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಈಜಿದರೆ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮುಂಗಾರಿನಲ್ಲಂತೂ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವ ಕಡಲಿಗೆ ಊರಿನವರು ಇಳಿಯುವುದಿಲ್ಲ. ಅಮಾವಾಸ್ಯೆಯ ಸ್ನಾನವೂ ಅಂಚಿನಲ್ಲೇ. ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಕಲ್ಲಿನ ತಡೆಗೋಡೆಯ ಮೇಲೆ ಹತ್ತುವ ಪ್ರವಾಸಿಗರಿಗೆ ಈ ತಿಳಿವಳಿಕೆ ಹೇಳಲು ಅಜ್ಜಿಯಿಲ್ಲ. ಪ್ರತಿ ಮಳೆಗಾಲದ ದುರಂತದ ಸುದ್ದಿಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಕೊರತೆ.

ಎಲ್ಲ ಮಕ್ಕಳೂ ಒಂದೇ ಊರನ್ನು ಕಂಡರೆಂದಲ್ಲ. ಗಂಗೊಳ್ಳಿ, ನಾವುಂದ, ಶಿರೂರುಗಳಿಂದ ಗಲ್ಫಿಗೆ ಹೋದವರ ಮಕ್ಕಳಿಗೆ ಶಾಲೆಯ ರಜೆ ಜುಲೈ, ಆಗಸ್ಟಿನಲ್ಲಿ. ಮುಂಬಯಿಯ ಮಕ್ಕಳಿಗೆ ಊರೆಂದರೆ ಸೆಕೆ ಮತ್ತು ಮಾವು. ಮರಳುಗಾಡಿನ ಮಕ್ಕಳಿಗೆ ಊರೆಂದರೆ ಸುರಿಯುವ ಮಳೆ ಮತ್ತು ಕೆಂಪು ಹೊಳೆ.

ಬೀಗ ಬಿದ್ದ ಮನೆ

ಚಿತ್ರ ಈಗ ಬದಲಾಗಿದೆ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಹಳೆಯ ಕುಂದಾಪುರ ತಾಲೂಕಿನಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಹೆದ್ದಾರಿ 17 ಎಂಬುದು 66 ಆಗಿ ಚತುಷ್ಪಥವಾಯಿತು. ಕಡಲ್ಕೊರೆತ ತಡೆಯಲು ಮರವಂತೆಯ ತೀರದುದ್ದಕ್ಕೂ ಕಲ್ಲುಗಳು ಬಿದ್ದವು. ತೀರದ ಕೆಲವೆಡೆ ರೆಸಾರ್ಟುಗಳೂ ಹೋಂಸ್ಟೇಗಳೂ ಎದ್ದವು. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಜೊತೆಗೆ, ದೋಣಿ ಎಳೆದಿಡುವ ಮೀನುಗಾರರೂ ಇರುವುದರಿಂದ ನಮ್ಮ ತೀರ ಮಾಂಟೆಗೊ ಬೇಯಂತೆ ಬೇಲಿಯೊಳಗೆ ಸೇರಿಲ್ಲ. ಇದು ಸಣ್ಣ ಭಾಗ್ಯವಲ್ಲ.

ಆದರೆ ಬೇಲಿಯಿಲ್ಲದೆಯೂ ಹೊರಗಿನವರಾಗುವ ದಾರಿಯೊಂದಿದೆ. ಅಜ್ಜ, ಅಜ್ಜಿ ತೀರಿಕೊಂಡು ಮನೆಗೆ ಬೀಗ ಬಿದ್ದ ಮೇಲೆ, ಹಿಂದೆ ತಿಂಗಳು ನಿಲ್ಲುತ್ತಿದ್ದ ಕುಟುಂಬ ಈಗ ಎರಡು ದಿನಕ್ಕೆ ಬಂದು ಕಡಲತೀರದ ಕೋಣೆಯಲ್ಲಿ ಉಳಿಯುತ್ತದೆ. ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸಿ, ಮರವಂತೆಯಲ್ಲಿ ಫೋಟೋ ತೆಗೆಸಿಕೊಂಡು ಹೊರಡುತ್ತದೆ. ಮಕ್ಕಳು ಕಡಲನ್ನು ಕಂಡಿರುತ್ತಾರೆ. ಊರನ್ನು ಕಂಡಿರುವುದಿಲ್ಲ. ‘ಹೋಪ್ದ್’, ‘ಬಪ್ದ್’ ಎಂಬ ಮಾತು ಕಿವಿಗೆ ಬೀಳಲು ಎರಡು ದಿನ ಸಾಲದು. ಕುಂದಾಪ್ರ ಕನ್ನಡವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಅದನ್ನು ಕಲಿಸುತ್ತಿದ್ದುದು ಬೇಸಿಗೆ ರಜೆ.

ಈ ಅಂಜಿಕೆಯೇ ಒಂದು ಹೊಸ ಹಬ್ಬಕ್ಕೂ ಕಾರಣವಾಗಿದೆ. 2019ರಿಂದ ಪ್ರತಿವರ್ಷ ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಊರಿನಲ್ಲೂ ಬೆಂಗಳೂರಿನಲ್ಲೂ ಆಚರಿಸಲಾಗುತ್ತಿದೆ. ಅದಕ್ಕೆ ಆರಿಸಿಕೊಂಡ ದಿನ ಕರ್ಕಾಟಕ ಅಮಾವಾಸ್ಯೆ. ನವದಂಪತಿಗಳು ಮರವಂತೆಯ ಕಡಲಿನಲ್ಲಿ ಮೀಯುವ ಅದೇ ದಿನ.

ಕೆರೀಬಿಯನ್ನಿನ ತೀರಕ್ಕೆ ಹೋದ ಕುಟುಂಬ ರಜೆ ಮುಗಿದಾಗ ಕೋಣೆಯ ಬೀಗದಕೈ ಹಿಂದಿರುಗಿಸಿ ಮನೆಗೆ ಹೋಗುತ್ತದೆ. ಕುಂದಾಪುರಕ್ಕೆ ಬರುವವರಲ್ಲಿ ಇನ್ನೂ ಹಲವರ ಕಿಸೆಯಲ್ಲಿ ಇಲ್ಲಿಯದೇ ಮನೆಯೊಂದರ ಬೀಗದಕೈ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಬಾಗಿಲು ತೆರೆದು, ಅಂಗಳ ಗುಡಿಸಿ ನಾಲ್ಕು ದಿನ ಹೆಚ್ಚಿಗೆ ನಿಂತರೆ, ಪಕ್ಕದ ಮನೆಯವರು ಬೇಲಿಯ ಬಳಿ ಬಂದು ಕೇಳಿಯೇ ಕೇಳುತ್ತಾರೆ: ‘ಹ್ವಾಯ್, ಯಾವಾಗ ಬಂದದ್?’