ಹೊಣೆ, ಜವಾಬ್ದಾರಿ, ಉತ್ತರದಾಯಿತ್ವ

ಒಂದೇ ಭಾವವನ್ನು ಸೂಚಿಸಲು ನಾವು ಮೂರು ಮಾತುಗಳನ್ನು ಬಳಸುತ್ತೇವೆ: ಹೊಣೆ, ಜವಾಬ್ದಾರಿ, ಉತ್ತರದಾಯಿತ್ವ. ಮೊದಲನೆಯದು ದೇಶ್ಯ, ಎರಡನೆಯದು ಅನ್ಯದೇಶ್ಯ, ಮೂರನೆಯದು ತತ್ಸಮ. ಇವುಗಳ ಹುಟ್ಟನ್ನು ವಿಚಾರಿಸಿದರೆ ಅರ್ಥದಲ್ಲಿ ಒಂದು ಮುಖ್ಯ ಭೇದ ಕಾಣುತ್ತದೆ.

ಹೊಣೆಯ ಹಳಗನ್ನಡ ರೂಪ ‘ಪೊಣೆ’. ‘ಪಾಲು’ ಹಾಲಾದಂತೆ ಇಲ್ಲಿಯೂ ಪಕಾರ ಹಕಾರವಾಗಿದೆ. ತಮಿಳಿನ ‘ಪುಣೈ’ ಇದರ ಜ್ಞಾತಿಪದ. ಅದಕ್ಕೆ ಕಟ್ಟು, ತೆಪ್ಪ, ಜಾಮೀನು ಎಂಬ ಅರ್ಥಗಳುಂಟು. ಸಾಲಗಾರನು ತಪ್ಪಿದರೆ ತಾನು ತೀರಿಸುವೆನೆಂದು ಮಾತಿಗೆ ಕಟ್ಟುಬಿದ್ದವನೇ ಹೊಣೆಗಾರ. ಇಲ್ಲಿ ಭಾರ ಹೊರುವುದೇ ಪ್ರಧಾನ.

‘ಜವಾಬು’ ಅರಬ್ಬೀ ಶಬ್ದ. ‘ದಾರ್’ ಪಾರಸಿ ಪ್ರತ್ಯಯ. ಅಮಲ್ದಾರ, ಹವಾಲ್ದಾರ ಮೊದಲಾದವುಗಳ ಬಳಗಕ್ಕೆ ಸೇರಿದ ಜವಾಬ್ದಾರನೆಂದರೆ ಜವಾಬು ಹೇಳಬೇಕಾದವನು. ಉತ್ತರದಾಯಿ ಎಂದರೂ ಉತ್ತರ ಕೊಡುವವನೇ. ಉತ್ತರವೆಂದ ಮೇಲೆ ಪ್ರಶ್ನೆ ಬೇಕು. ಪ್ರಶ್ನಿಸುವ ಹಕ್ಕುಳ್ಳವರೂ ಬೇಕು.

ಈ ಭೇದವನ್ನು ಮೈಸೂರಿನ ಇತಿಹಾಸ ಚೆನ್ನಾಗಿ ವಿಶದಪಡಿಸುತ್ತದೆ. 1881ರಲ್ಲಿ, ರಂಗಾಚಾರ್ಲು ಅವರು ದಿವಾನರಾಗಿದ್ದಾಗ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ದಿವಾನರು ಆಡಳಿತದ ವರದಿಯನ್ನು ಮಂಡಿಸುತ್ತಿದ್ದರು. ಸದಸ್ಯರು ಅಹವಾಲು ಹೇಳಿಕೊಳ್ಳುತ್ತಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ಹೊಣೆ ಹೊರುವವರಿಗೆ ಸಂಸ್ಥಾನದಲ್ಲಿ ಕೊರತೆಯಿರಲಿಲ್ಲ. ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು. ಸಭೆಯ ವಿಶ್ವಾಸ ತಪ್ಪಿದರೂ ದಿವಾನಗಿರಿ ತಪ್ಪುತ್ತಿರಲಿಲ್ಲ.

ಆದುದರಿಂದಲೇ ಜನರು ಕೇಳಿದ್ದು ಬರಿಯ ಒಳ್ಳೆಯ ಸರ್ಕಾರವನ್ನಲ್ಲ, ‘ಜವಾಬ್ದಾರಿ ಸರ್ಕಾರ’ವನ್ನು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿ ಪ್ರಾಣಹಾನಿಯಾಯಿತು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನವರು ಇದಕ್ಕಾಗಿ ಹೋರಾಡಬೇಕಾಯಿತು. ‘ಮೈಸೂರು ಚಲೋ’ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ರಾಜ್ಯದ ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯೆಂಬುದು ಇಂದು ಸಂವಿಧಾನದ 164ನೆಯ ಅನುಚ್ಛೇದದ ವಿಧಿ.

‘ಹೊಣೆ ಹೊತ್ತಿದ್ದೇನೆ’ ಎಂದು ಹೇಳಿ, ಏನಾಯಿತೆಂದು ಕೇಳಿದವರಿಗೆ ವಿವರ ಕೊಡದಿರುವ ಪರಿಪಾಠ ಈಚೆಗೆ ಹೆಚ್ಚುತ್ತಿದೆ. ಅದು ಹೊಣೆಯಾದೀತು, ಜವಾಬ್ದಾರಿಯಾಗದು. ಯಾರಾದರೂ ತಾವು ಜವಾಬ್ದಾರರೆಂದಾಗ ‘ಯಾರಿಗೆ?’ ಎಂದು ಕೇಳುವುದು ಅವಿನಯವಲ್ಲ. ಆ ಶಬ್ದದ ಅರ್ಥವೇ ಹಾಗೆ ಕೇಳೆನ್ನುತ್ತದೆ.