ರಸೆಲ್: ಗಲಾಟೆ ಮುಗಿಸಿ ಕೂತ ಊರು

ನ್ಯೂಜಿಲೆಂಡಿನ ಉತ್ತರ ದ್ವೀಪದ ಮೇಲ್ಭಾಗದಲ್ಲಿ ನೂರಕ್ಕೂ ಹೆಚ್ಚು ನಡುಗಡ್ಡೆಗಳು ಚದುರಿಕೊಂಡಿರುವ ಒಂದು ಕೊಲ್ಲಿ ಇದೆ. 1769ರಲ್ಲಿ ಇಲ್ಲಿ ಲಂಗರು ಹಾಕಿದ ಜೇಮ್ಸ್ ಕುಕ್ ಅದನ್ನು ಬೇ ಆಫ್ ಐಲೆಂಡ್ಸ್ ಎಂದು ಕರೆದ. ಕೊಲ್ಲಿಯ ಪೂರ್ವದ ಮಗ್ಗುಲಿಗೆ, ಗುಡ್ಡಗಳ ಮರೆಯಲ್ಲಿ ರಸೆಲ್ ಇದೆ. ಜನಸಂಖ್ಯೆ ಸಾವಿರ ದಾಟುವುದಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಒಂದು ಬೀದಿ, ಬಿಳಿ ಬಣ್ಣ ಬಳಿದ ಮರದ ಮನೆಗಳು, ಬೆಣಚುಕಲ್ಲಿನ ದಂಡೆ, ದೋಣಿ ಬಂದು ನಿಲ್ಲುವ ಕಟ್ಟೆ. ಅರ್ಧ ಗಂಟೆ ನಡೆದರೆ ಊರು ಮುಗಿಯಿತು. ಹಾಗಾಗಿ ಹೆಚ್ಚಿನ ಪ್ರವಾಸಿಗರು ಐಸ್‌ಕ್ರೀಂ ತಿಂದು, ಫೋಟೋ ತೆಗೆಸಿಕೊಂಡು ಮುಂದಿನ ದೋಣಿಗೆ ಹೊರಟುಬಿಡುತ್ತಾರೆ. ನ್ಯೂಜಿಲೆಂಡ್ ಎಂಬ ದೇಶ ರೂಪುಗೊಂಡ ಬಗೆ, ಅದರ ಬಗ್ಗೆ ಇಂದಿಗೂ ನಡೆಯುತ್ತಿರುವ ವಾದ, ಎರಡೂ ಈ ದಂಡೆ ಮತ್ತು ಎದುರಿನ ದಂಡೆಯ ನಡುವೆ ಶುರುವಾದವು ಎಂದು ತಿಳಿದವರು ಅಷ್ಟು ಬೇಗ ಹೊರಡಲಾರರು.

ತಿಮಿಂಗಿಲ ಬೇಟೆಗಾರರ ಬಂದರು

ಊರಿನ ಮಾವೋರಿ ಹೆಸರು ಕೊರೊರಾರೆಕಾ. ಸುತ್ತಲ ನೆಲ ನಾಪುಹಿ ಕುಲದವರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೆಸಿಫಿಕ್‌ನಲ್ಲಿ ತಿಮಿಂಗಿಲ ಬೇಟೆಗೆ ಬರುತ್ತಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಹಡಗುಗಳು ನೀರು, ಸೌದೆ, ಹಂದಿಮಾಂಸ, ಆಲೂಗಡ್ಡೆಗಾಗಿ ಇಲ್ಲಿಗೆ ಬರತೊಡಗಿದವು. ಬದಲಿಗೆ ಮಾವೋರಿಗಳಿಗೆ ಕಬ್ಬಿಣದ ಸಾಮಾನು, ಕಂಬಳಿ, ಕೋವಿ ಸಿಕ್ಕವು. ಬೇರೆಲ್ಲರಿಗಿಂತ ಮೊದಲು ಕೋವಿ ಕೂಡಿಸಿಕೊಂಡ ನಾಪುಹಿಗಳು ದಕ್ಷಿಣದ ಕುಲಗಳ ಮೇಲೆ ನಡೆಸಿದ ದಾಳಿಗಳು ದೇಶದ ಚಿತ್ರವನ್ನೇ ಬದಲಿಸಿದವು. ತಿಂಗಳುಗಟ್ಟಲೆ ಕಡಲಲ್ಲಿದ್ದು ಇಳಿದ ನಾವಿಕರಿಗೆ ಬೇಕಾದ ಹೆಂಡದಂಗಡಿ, ಸೂಳೆಗಾರಿಕೆ ಎಲ್ಲವೂ ದಂಡೆಯ ಉದ್ದಕ್ಕೂ ಬೆಳೆದವು. ಕಾನೂನು, ಪೊಲೀಸು ಯಾವುದೂ ಇರಲಿಲ್ಲ. ಪೆಸಿಫಿಕ್ಕಿನ ನರಕ ಎಂಬ ಅಡ್ಡಹೆಸರು ಬಂದದ್ದು ಆಗಲೇ. 1835ರ ಡಿಸೆಂಬರ್‌ನಲ್ಲಿ ಬೀಗಲ್ ಹಡಗಿನಲ್ಲಿ ಬಂದ ಚಾರ್ಲ್ಸ್ ಡಾರ್ವಿನ್‌ಗೆ ಈ ಜಾಗ ಹಿಡಿಸಲಿಲ್ಲ. ಒಳನಾಡಿನ ವೈಮಾಟೆಯಲ್ಲಿದ್ದ ಮಿಷನರಿಗಳ ಹೊಲ-ತೋಟ ಮಾತ್ರ ಅವನಿಗೆ ಮೆಚ್ಚುಗೆಯಾಯಿತು.

ಒಂದು ಮಾತು ಮರೆಯಬಾರದು. ಈ ನರಕದ ಕಥೆಯನ್ನು ಬರೆದವರಲ್ಲಿ ಹೆಚ್ಚಿನವರು ಮಿಷನರಿಗಳು. ಬಂದರಿನ ವ್ಯವಹಾರ ಮಾತ್ರ ಮಾವೋರಿ ನಾಯಕರ ಹಿಡಿತದಲ್ಲೇ ಇತ್ತು. ಲಂಗರು ಹಾಕಿದ ಹಡಗುಗಳಿಂದ ಅವರು ಸುಂಕ ಎತ್ತುತ್ತಿದ್ದರು. ಮುಂದೆ ಬಂದ ಜಗಳದ ಬೇರು ಅಲ್ಲಿದೆ.

ನಾಲ್ಕು ಸಲ ಉರುಳಿದ ಕಂಬ

ಊರಿನ ಹಿಂದಿನ ಮೈಕಿ ಗುಡ್ಡಕ್ಕೆ ಫ್ಲ್ಯಾಗ್‌ಸ್ಟಾಫ್ ಹಿಲ್ ಎಂಬ ಹೆಸರೂ ಇದೆ. ಹತ್ತುವ ದಾರಿ ಸ್ವಲ್ಪ ಕಡಿದು, ಆದರೆ ದೂರವಿಲ್ಲ. ರಸೆಲ್‌ಗೆ ಬಂದವರು ಮೊದಲು ಇದನ್ನೇ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ. ಮೇಲೆ ನಿಂತರೆ ಇಡೀ ಕೊಲ್ಲಿ ನಕ್ಷೆಯಂತೆ ಬಿಚ್ಚಿಕೊಳ್ಳುತ್ತದೆ. ಈಚೆ ರಸೆಲ್, ಆಚೆ ಪೈಹಿಯಾ ಮತ್ತು ವೈಟಾಂಗಿ.

1840ರಲ್ಲಿ ವೈಟಾಂಗಿಯಲ್ಲಿ ಬ್ರಿಟಿಷರ ಜೊತೆ ಒಪ್ಪಂದವಾದಾಗ ಅದಕ್ಕೆ ಮೊದಲು ಸಹಿ ಹಾಕಿದವನು ಹೋನೆ ಹೆಕೆ ಎಂಬ ನಾಪುಹಿ ನಾಯಕ. ಒಂದೆರಡು ವರ್ಷಗಳಲ್ಲೇ ಅವನಿಗೆ ಒಪ್ಪಂದದ ಇನ್ನೊಂದು ಮುಖ ಕಂಡಿತು. ಬಂದರಿನ ಸುಂಕ ಈಗ ಸರ್ಕಾರದ ಪಾಲು. ಇಲ್ಲಿಗೆ ಹತ್ತಿರದ ಓಕಿಯಾಟೊದಲ್ಲಿದ್ದ ರಾಜಧಾನಿ 1841ರಲ್ಲಿ ಆಕ್ಲೆಂಡ್‌ಗೆ ಹೋಯಿತು, ಅದರ ಹಿಂದೆಯೇ ವ್ಯಾಪಾರವೂ ಹೋಯಿತು. ಗುಡ್ಡದ ಮೇಲಿನ ಬ್ರಿಟಿಷ್ ಬಾವುಟ ಹೆಕೆಯ ಕಣ್ಣಿಗೆ ಕಳೆದುಕೊಂಡ ಅಧಿಕಾರದ ಗುರುತಾಯಿತು. 1844ರ ಜುಲೈನಲ್ಲಿ ಅವನ ಕಡೆಯವರು ಕಂಬವನ್ನು ಕಡಿದು ಕೆಡವಿದರು. ಮತ್ತೆ ನಿಲ್ಲಿಸಿದ ಕಂಬಗಳು 1845ರ ಜನವರಿಯಲ್ಲಿ ಎರಡು ಸಲ ಉರುಳಿದವು. ನಾಲ್ಕನೆಯದಕ್ಕೆ ಕಬ್ಬಿಣದ ಕವಚ ಹೊದಿಸಿ ಸೈನಿಕರ ಕಾವಲು ಹಾಕಿದರು. ಆ ವರ್ಷದ ಮಾರ್ಚ್ 11ರ ನಸುಕಿನಲ್ಲಿ, ಕವಿಟಿ ಎಂಬ ಹಿರಿಯ ನಾಯಕ ಊರಿನ ಮೇಲೆ ಬಿದ್ದು ಸೈನಿಕರ ಗಮನ ಸೆಳೆದ. ಹೆಕೆಯ ಜನ ಗುಡ್ಡ ಹಿಡಿದು ಆ ಕಂಬವನ್ನೂ ಕಡಿದರು.

ಅದೇ ಮಧ್ಯಾಹ್ನ ಊರಿನಲ್ಲಿ ಬಿಳಿಯರು ಕೂಡಿಟ್ಟಿದ್ದ ಮದ್ದಿನ ಸಂಗ್ರಹ ಸಿಡಿಯಿತು. ಬಂದರಿನಲ್ಲಿದ್ದ ಹೆಜಾರ್ಡ್ ಯುದ್ಧನೌಕೆಯೂ ಊರಿನ ಮೇಲೆ ತೋಪು ಹಾರಿಸಿತು. ನಿವಾಸಿಗಳು ಹಡಗು ಹತ್ತಿ ಆಕ್ಲೆಂಡ್‌ಗೆ ಓಡಿದರು. ಮನೆ, ಅಂಗಡಿ ಸುಟ್ಟುಹೋದವು. ಚರ್ಚುಗಳಿಗೆ ಮಾತ್ರ ಕೈ ಹಚ್ಚಬಾರದೆಂದು ಹೆಕೆಯ ಕಟ್ಟಪ್ಪಣೆ ಇತ್ತು. ಇಲ್ಲಿಂದ ಹೊತ್ತಿದ ಯುದ್ಧ ಮುಗಿದದ್ದು 1846ರ ಜನವರಿಯಲ್ಲಿ, ಕವಾಕವಾದ ದಕ್ಷಿಣದ ರುವಾಪೆಕಾಪೆಕಾ ಕೋಟೆಯಲ್ಲಿ. ಕವಿಟಿ ಅಲ್ಲಿ ತೋಡಿಸಿದ ಕಂದಕಗಳ ಗುರುತು ಈಗಲೂ ನೋಡಸಿಗುತ್ತದೆ.

ಯುದ್ಧ ಗೆದ್ದೆವೆಂದುಕೊಂಡ ಸರ್ಕಾರ ಮತ್ತೆ ಕಂಬ ನಿಲ್ಲಿಸುವ ಧೈರ್ಯ ಮಾಡಲಿಲ್ಲ. ಈಗಿನ ಕಂಬದ ಪರಂಪರೆ ಶುರುವಾಗುವುದು 1858ರಲ್ಲಿ. ಅದನ್ನು ನಿಲ್ಲಿಸಿದವನು ಕವಿಟಿಯ ಮಗ ಮೈಹಿ ಪರಾವೋನೆ, ಸಂಧಾನದ ಕುರುಹಾಗಿ.

ಬೆಂಕಿಯಿಂದ ಉಳಿದದ್ದು

1836ರ ಹೊತ್ತಿಗೆ ಎದ್ದ ಕ್ರೈಸ್ಟ್ ಚರ್ಚ್ ದೇಶದಲ್ಲಿ ಉಳಿದಿರುವ ಅತಿ ಹಳೆಯ ಚರ್ಚು. ಮರದ ಗೋಡೆಯಲ್ಲಿ 1845ರ ಗುಂಡಿನ ತೂತುಗಳು ಹಾಗೇ ಇವೆ, ಬೆರಳಿಟ್ಟು ನೋಡಬಹುದು. ಅಂಗಳದ ಗೋರಿಗಳ ನಡುವೆ ಹೆಜಾರ್ಡ್‌ನ ನಾವಿಕರಿದ್ದಾರೆ. ಬ್ರಿಟಿಷರ ಪರವಾಗಿ ಹೆಕೆಯ ವಿರುದ್ಧ ಹೋರಾಡಿದ ನಾಪುಹಿ ನಾಯಕ ತಮಾಟಿ ವಾಕಾ ನೆನೆಯ ಸಮಾಧಿಯೂ ಅಲ್ಲೇ. ಬಿಳಿಯರು ಒಂದು ಕಡೆ, ಮಾವೋರಿಗಳು ಇನ್ನೊಂದು ಕಡೆ ಎಂಬ ಸರಳ ಲೆಕ್ಕ ಆ ಕಲ್ಲಿನ ಮುಂದೆ ನಿಲ್ಲುವುದಿಲ್ಲ.

ದಂಡೆಯ ದಕ್ಷಿಣ ತುದಿಯಲ್ಲಿರುವುದು ಪೊಂಪಲ್ಲಿಯೆ ಮಿಷನ್. ಫ್ರೆಂಚ್ ಕ್ಯಾಥೊಲಿಕ್ ಬಿಷಪ್ ಪೊಂಪಲ್ಲಿಯೆ 1842ರಲ್ಲಿ ಇದನ್ನು ಕಟ್ಟಿಸಿದ್ದು ಮಾವೋರಿ ಭಾಷೆಯ ಧಾರ್ಮಿಕ ಪುಸ್ತಕಗಳನ್ನು ಅಚ್ಚು ಹಾಕಲು. ಮರ ಕೊಳ್ಳುವ ಹಣ ಸಾಲದೆ, ಫ್ರಾನ್ಸಿನ ಲಿಯಾನ್ ಕಡೆಯ ಪದ್ಧತಿಯಂತೆ ಮಣ್ಣು ಗುದ್ದಿ ಗೋಡೆ ಎಬ್ಬಿಸಿದರು. ಚರ್ಮ ಹದ ಮಾಡುವುದು, ಅಚ್ಚುಮೊಳೆ ಜೋಡಿಸುವುದು, ಪುಸ್ತಕ ಹೊಲಿಯುವುದು, ಎಲ್ಲ ಕಸುಬನ್ನೂ ಇಂದು ಅಲ್ಲಿ ಮಾಡಿ ತೋರಿಸುತ್ತಾರೆ. ಪುಸ್ತಕಪ್ರೇಮಿಗಳು ಇಡೀ ಬೆಳಗನ್ನು ಇದಕ್ಕೇ ಇಟ್ಟರೂ ನಷ್ಟವಿಲ್ಲ.

ಎದುರು ದಂಡೆ: ವೈಟಾಂಗಿ

ರಸೆಲ್‌ನಿಂದ ಪೈಹಿಯಾಗೆ ದೋಣಿಯಲ್ಲಿ ಕಾಲು ಗಂಟೆ. ಅಲ್ಲಿಂದ ಸ್ವಲ್ಪ ನಡೆದರೆ ವೈಟಾಂಗಿ. 1840ರ ಫೆಬ್ರವರಿ 6ರಂದು ನಲವತ್ತಕ್ಕೂ ಹೆಚ್ಚು ನಾಯಕರು ಇಲ್ಲಿನ ಹುಲ್ಲುಹಾಸಿನ ಮೇಲೆ ಒಪ್ಪಂದಕ್ಕೆ ಸಹಿ ಹಾಕಿದರು. ದೇಶ ಸುತ್ತಿ ಸಂಗ್ರಹಿಸಿದ ಸಹಿಗಳು ಮುಂದೆ ಐನೂರು ದಾಟಿದವು. ಬಹುತೇಕರು ಸಹಿ ಹಾಕಿದ್ದು ಮಿಷನರಿ ಹೆನ್ರಿ ವಿಲಿಯಮ್ಸ್ ಮತ್ತು ಅವನ ಮಗ ಒಂದೇ ರಾತ್ರಿಯಲ್ಲಿ ಸಿದ್ಧಪಡಿಸಿದ ಮಾವೋರಿ ಪ್ರತಿಗೆ. ಇಂಗ್ಲಿಷ್ ಪ್ರತಿಯಲ್ಲಿ ನಾಯಕರು ಸಾರ್ವಭೌಮತ್ವವನ್ನೇ ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೋರಿ ಪ್ರತಿಯಲ್ಲಿ ಆಡಳಿತ ನಡೆಸಲು ಮಾತ್ರ ಅವಳಿಗೆ ಒಪ್ಪಿಗೆ ಕೊಟ್ಟು, ತಮ್ಮ ನೆಲ ಮತ್ತು ನಾಯಕತ್ವವನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ. ಸರ್ಕಾರ ಒಪ್ಪಂದ ಮುರಿದಿದೆ ಎಂಬ ಮಾವೋರಿಗಳ ದೂರು ಕೇಳಲು 1975ರಲ್ಲಿ ಸ್ಥಾಪನೆಯಾದ ವೈಟಾಂಗಿ ನ್ಯಾಯಮಂಡಳಿ, ಇಲ್ಲಿ ಸಹಿ ಹಾಕಿದ ನಾಯಕರು ಸಾರ್ವಭೌಮತ್ವ ಬಿಟ್ಟುಕೊಟ್ಟಿರಲಿಲ್ಲ ಎಂದು 2014ರಲ್ಲಿ ಹೇಳಿತು. ಫೆಬ್ರವರಿ 6 ರಾಷ್ಟ್ರೀಯ ರಜಾದಿನ. ಅಂದು ಇಲ್ಲಿ ಹಬ್ಬವೂ ಪ್ರತಿಭಟನೆಯೂ ಒಟ್ಟಿಗೇ ನಡೆಯುತ್ತವೆ.

ಆವರಣದಲ್ಲಿ ನಿಧಾನವಾಗಿ ನೋಡಬೇಕಾದವು ಎರಡು. ಒಂದು, ಒಪ್ಪಂದದ ಶತಮಾನೋತ್ಸವಕ್ಕೆ 1940ರಲ್ಲಿ ತೆರೆದ ಸಭಾಮನೆ. ಒಳಗಿನ ಕಂಬ, ಹಲಗೆಗಳ ಕೆತ್ತನೆಯಲ್ಲಿ ಒಂದು ಕುಲವಲ್ಲ, ದೇಶದ ಬೇರೆ ಬೇರೆ ಕುಲಗಳ ಪೂರ್ವಜರು ಜಾಗ ಪಡೆದಿದ್ದಾರೆ. ಇನ್ನೊಂದು, ಕೌರಿ ಮರದಿಂದ ಕಡೆದ, ಸುಮಾರು 35 ಮೀಟರ್ ಉದ್ದದ ಯುದ್ಧದೋಣಿ. ಹೆಸರು ನಾಟೋಕಿಮಾಟಾಫಾವೋರುವಾ. ಒಂದೇ ಉಸಿರಿಗೆ ಹೇಳಲು ಅಭ್ಯಾಸ ಬೇಕು, ನಡೆಸಲು ಎಂಬತ್ತರಷ್ಟು ಜನ ಹುಟ್ಟು ಹಾಕಬೇಕು.

ಪೈಹಿಯಾದ ಮಾತು ಬಂದಾಗ ನಮ್ಮ ದಕ್ಷಿಣ ಭಾರತದ ಒಂದು ಎಳೆ ನೆನಪಾಗುತ್ತದೆ. ಇಲ್ಲಿ ಮುದ್ರಣಾಲಯ ನಡೆಸುತ್ತಿದ್ದ ವಿಲಿಯಂ ಕೊಲೆನ್ಸೊ 1836ರ ಸುಮಾರಿಗೆ ಒಳನಾಡಿನಲ್ಲಿ ತಿರುಗುವಾಗ, ಮಾವೋರಿಗಳು ಒಂದು ಕಂಚಿನ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿರುವುದನ್ನು ಕಂಡ. ಅದು ಒಡೆದ ಗಂಟೆ, ಮೇಲೆ ಅಕ್ಷರಗಳಿದ್ದವು. ಕಬ್ಬಿಣದ ಪಾತ್ರೆ ಕೊಟ್ಟು ಅದನ್ನು ಪಡೆದ. ಅಕ್ಷರ ತಮಿಳಿನವು, ಮೊಹಿದೀನ್ ಬಕ್ಸ್ ಎಂಬುವನ ಹಡಗಿನ ಗಂಟೆ ಎಂದು ಆಮೇಲೆ ತಿಳಿಯಿತು. ಅದು ಅಲ್ಲಿಗೆ ಹೇಗೆ ತಲುಪಿತೆಂಬುದು ಬಗೆಹರಿದಿಲ್ಲ. ಗಂಟೆ ಈಗ ವೆಲಿಂಗ್ಟನ್‌ನ ಟೆ ಪಾಪಾ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಮಾವೋರಿ ಅಂಗಳದ ರೀತಿನೀತಿ

ಮಾವೋರಿಗಳ ಸಭಾಮನೆ ಮತ್ತು ಅದರ ಅಂಗಳವನ್ನು ಒಟ್ಟಾಗಿ ಮರಾಯೆ ಎನ್ನುತ್ತಾರೆ. ಕರೆಯದೆ ಒಳಗೆ ಹೋಗುವಂತಿಲ್ಲ. ಹೆಂಗಸೊಬ್ಬಳು ನೀಳ ದನಿಯಲ್ಲಿ ಕರೆದ ಮೇಲೆ ಅತಿಥಿಗಳು ಮುಂದೆ ಸಾಗಬೇಕು. ಭಾಷಣ, ಹಾಡು, ಕೊನೆಗೆ ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುವ ಹೊಂಗಿ. ಮನೆಯೊಳಗೆ ಚಪ್ಪಲಿ ಬಿಟ್ಟು ಹೋಗುವುದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ. ಊಟ ಇಡುವ ಮೇಜಿನ ಮೇಲೆ ಕೂರಬಾರದು, ಇನ್ನೊಬ್ಬರ ತಲೆ ಮುಟ್ಟಬಾರದು; ತಲೆ ಅವರಿಗೆ ಪವಿತ್ರ.

ದಂಡೆ, ಊಟ, ದಾರಿ

ಈಜಲು ಊರ ಮುಂದಿನ ಕಲ್ಲುದಂಡೆ ಅಷ್ಟಕ್ಕಷ್ಟೆ. ಗುಡ್ಡ ದಾಟಿ ಒಂದು ಕಿಲೋಮೀಟರ್ ನಡೆದರೆ ಓನೆರೋವಾ, ಮರಳಿನ ಉದ್ದನೆಯ ದಂಡೆ. ಡಿಸೆಂಬರ್‌ನಿಂದ ಫೆಬ್ರವರಿ ಅಲ್ಲಿ ಬೇಸಿಗೆ. ಡಿಸೆಂಬರ್‌ನಲ್ಲಿ ಪೊಹುಟುಕಾವಾ ಮರಗಳು ಕೆಂಪು ಹೂ ಹೊದ್ದಿರುತ್ತವೆ. ಗಾಳಿ ತಂಪಾಗಿದೆಯೆಂದು ಮೋಸ ಹೋಗಬೇಡಿ, ಬಿಸಿಲು ಚರ್ಮ ಸುಡುವಂಥದು. ಸುತ್ತಲ ಕಾಡಿನಲ್ಲಿ ಕಿವಿ ಹಕ್ಕಿಗಳಿವೆ, ರಾತ್ರಿ ಗಾಡಿ ನಿಧಾನವಾಗಿ ಓಡಿಸಬೇಕು.

ಊಟದಲ್ಲಿ ಮೀನು, ಚಿಪ್ಪುಜೀವಿಗಳದೇ ಮೇಲುಗೈ. ಮಾವೋರಿಗಳ ಹಾಂಗಿ ಎಂದರೆ ಕಾಯಿಸಿದ ಕಲ್ಲಿನ ಗುಂಡಿಯಲ್ಲಿ ಮುಚ್ಚಿ ಬೇಯಿಸಿದ ಅಡುಗೆ. ಮಾಂಸದ ಜೊತೆಗೇ ಬೇಯುವುದರಿಂದ ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳಬೇಕು. ಅದರಲ್ಲಿನ ಕುಮರಾ ನಮ್ಮ ಗೆಣಸೇ.

ಆಕ್ಲೆಂಡ್‌ನಿಂದ ಕಾರಿನಲ್ಲಿ ಮೂರರಿಂದ ನಾಲ್ಕು ಗಂಟೆ ಬೇಕು. ದಾರಿಯ ಕವಾಕವಾದಲ್ಲಿ ಆಸ್ಟ್ರಿಯಾದ ಕಲಾವಿದ ಹುಂಡರ್ಟ್‌ವಾಸರ್ ರೂಪಿಸಿದ ಸಾರ್ವಜನಿಕ ಶೌಚಾಲಯವಿದೆ. ಅದರ ಮುಂದೆ ಜನ ಸಾಲುಗಟ್ಟಿ ಫೋಟೋ ತೆಗೆಯುತ್ತಾರೆ. ಓಪುವಾದಲ್ಲಿ ಕಾರು ಸಮೇತ ಬಾರ್ಜ್ ಹತ್ತಿ ಓಕಿಯಾಟೊಗೆ ದಾಟಬಹುದು. ಸಿಗಂದೂರಿನ ಹಳೆಯ ಲಾಂಚ್ ಹತ್ತಿದವರಿಗೆ ಇದು ಹೊಸತಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಆಕ್ಲೆಂಡ್‌ನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರು ಈ ಪ್ರವಾಸವನ್ನು ಒಂದೇ ದಿನದಲ್ಲಿ ಮುಗಿಸಲು ಹೊರಡುವುದುಂಟು. ಎರಡು ರಾತ್ರಿಯಾದರೂ ಉಳಿಯಿರಿ, ಒಂದು ದಿನ ರಸೆಲ್‌ಗೆ, ಒಂದು ದಿನ ವೈಟಾಂಗಿಗೆ. ಫೆಬ್ರವರಿ ಮೊದಲ ವಾರವಾದರೆ ಕೋಣೆಯನ್ನು ಬಹಳ ಮುಂಚೆಯೇ ಕಾದಿರಿಸಿಕೊಳ್ಳಿ.