ತಂದೆಯ ಉಳಿ, ಮಗನ ಕೈ

ಬೇಲೂರಿನ ಶಿಲ್ಪಿ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ತಂದೆಮಕ್ಕಳ ಜಿದ್ದು. ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಗುರುತಿಲ್ಲದ ತರುಣನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆನೆಂದು ಹಿರಿಯ ಪಣ ತೊಡುತ್ತಾನೆ. ಮೈಗೆಲ್ಲ ಬಳಿದ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಜೀವಂತ ಕಪ್ಪೆ! ಕೈ ಹೋದ ಮೇಲೆ ತಿಳಿಯುವುದು, ಆ ತರುಣ ತನ್ನ ಮಗ ಡಂಕಣನೆಂದು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ತೆರೆಗೆ ಬಂದ ಮೇಲಂತೂ ಈ ಕಥೆ ಬಣ್ಣ ತುಂಬಿಕೊಂಡು ಮನೆಮನೆ ಸೇರಿತು.

ಕಥೆ ಚೆನ್ನಾಗಿದೆ, ನನಗೂ ಇಷ್ಟವೇ. ಆದರೆ ಕಲ್ಲು ಹೇಳುವುದು ಬೇರೆ. ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದವಳು ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ. ಗಂಡ 1117ರಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದಾಗ ಹೆಂಡತಿ ಅದೇ ಪ್ರಾಕಾರದಲ್ಲಿ ತನ್ನದೊಂದು ಗುಡಿ ಕಟ್ಟಿಸಿದಳು. ಇನ್ನು ಬೇಲೂರಿನ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಾವೇ ಕೊರೆದುಕೊಂಡ ಹೆಸರುಗಳಲ್ಲಿ ಜಕಣನೂ ಇಲ್ಲ, ಡಂಕಣನೂ ಇಲ್ಲ. ತಂದೆಮಗ ಮಾತ್ರ ಇದ್ದಾರೆ. ತಂದೆ ಬಳ್ಳಿಗಾವೆಯ ದಾಸೋಜ, ಮಗ ಚಾವಣ.

ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಈ ಹೆಸರುಗಳನ್ನು ಓದಿ, 1919ರಲ್ಲಿ ಬೇಲೂರಿನ ದೇವಾಲಯದ ಮೇಲೆ ಹೊರತಂದ ಪುಸ್ತಕದಲ್ಲಿ ಲೋಕಕ್ಕೆ ತಿಳಿಸಿದರು. ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು. ತಂದೆ ಕಡೆದವೂ ಮಗ ಕಡೆದವೂ ಅವುಗಳಲ್ಲಿ ಉಂಟು. ಯಾರ ಕೈ ಯಾರನ್ನೂ ಕಡಿಯಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಹೆಸರು ಬರೆದು ಹೋದರು. ಜಂಬಕ್ಕೇನೂ ಕಡಿಮೆಯಿಲ್ಲ, ಬಿರುದು ಹೊತ್ತ ಶಿಲ್ಪಿಗಳಿಗೆ ತಾನು ಕಾಮನ ಪಾಲಿನ ಶಿವ ಎಂಬ ಧಾಟಿಯ ಬಿರುದುಗಳೂ ಅಲ್ಲಿವೆ. ಆ ಸವಾಲು ಹೊರಗಿನವರ ಮೇಲೆ. ಅಪ್ಪನ ಮೇಲಲ್ಲ!

ಈ ಹೆಸರುಗಳಲ್ಲೇ ಒಂದು ಸ್ವಾರಸ್ಯವಿದೆ. 'ಓಜ' ಎಂಬುದು 'ಉಪಾಧ್ಯಾಯ' ಶಬ್ದದಿಂದ ಬಂದದ್ದು. ದಾಸೋಜ ಎಂದರೆ ದಾಸ ಮೇಷ್ಟ್ರು ಎಂದ ಹಾಗೆ. ಮಗನಿಗಾದರೋ ಆ ಬಾಲವಿಲ್ಲ, ಬರಿಯ ಚಾವಣ. ಮನೆಯೇ ಮಠ, ತಂದೆಯೇ ಗುರು ಆಗಿದ್ದ ವಿದ್ಯೆ ಅದು. ಬಳ್ಳಿಗಾವೆ ಈಗ ಶಿಕಾರಿಪುರ ತಾಲ್ಲೂಕಿನ ಸಣ್ಣ ಊರು. ಅಂದು ಕಲ್ಯಾಣದ ಚಾಲುಕ್ಯರ ನಾಡಿನ ದೊಡ್ಡ ಪಟ್ಟಣ. ತುಂಗೆ, ಭದ್ರೆಗಳೆರಡನ್ನೂ ದಾಟಿ, ಹತ್ಯಾರು ಹೊತ್ತು, ಅಪ್ಪಮಗ ಬೇಲೂರಿಗೆ ಬಂದರು. ಗದಗಿನಿಂದ ನಾಗೋಜ ಬಂದ. ಅವರಿಗೆ ಗಂಜಿ ಕಾಯಿಸಿದವರು ಯಾರು, ಕಲ್ಲಿನ ಪುಡಿ ಗುಡಿಸಿದವರು ಯಾರು? ಹೆಂಡಿರು, ಸೊಸೆಯರು ಜೊತೆಯಲ್ಲಿ ಬಂದಿರಬೇಕೆಂದು ನನ್ನ ಊಹೆ. ಪೀಠದ ಮೇಲೆ ಅವರಿಗೆ ಜಾಗ ದೊರೆಯಲಿಲ್ಲ.

ಈಚೆಗೆ ನಮ್ಮ ನಗರಗಳಲ್ಲಿ ರಿಲೇ ಟ್ರಯಾಥ್ಲಾನ್ ಎಂಬ ಪಂದ್ಯ ನಡೆಯುತ್ತದೆ. ಒಬ್ಬರು ಈಜಬೇಕು, ಇನ್ನೊಬ್ಬರು ಸೈಕಲ್ ತುಳಿಯಬೇಕು, ಮೂರನೆಯವರು ಓಡಬೇಕು. ಗಂಡ, ಹೆಂಡತಿ, ಮಗಳು ಸೇರಿ ಒಂದು ತಂಡವಾಗುವುದೂ ಉಂಟು. ತನ್ನ ಪಾಲು ಮುಗಿಸಿದವರು ಕಾಲಿನ ಪಟ್ಟಿಯನ್ನು ಬಿಚ್ಚಿ ಮುಂದಿನವರಿಗೆ ಕಟ್ಟುತ್ತಾರೆ. ಹೊಯ್ಸಳರ ನಾಡಿನಲ್ಲಿ ಇಂಥ ಓಟವೊಂದು ನೂರು ವರ್ಷ ನಡೆಯಿತು. ಅಲ್ಲಿ ಕೈಯಿಂದ ಕೈಗೆ ಹೋದದ್ದು ಉಳಿ.

ಅರಮನೆಯಲ್ಲೂ ಅದೇ ಲೆಕ್ಕ. ವಿಷ್ಣುವರ್ಧನ ಕಟ್ಟಿಸಿದಾಗ ಬೇಲೂರಿನ ನವರಂಗ ಸುತ್ತಲೂ ತೆರೆದ ಮಂಟಪ. ಮಗ ನರಸಿಂಹ ಆಳಿ ಹೋದ ಮೇಲೆ, ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ನಿಲ್ಲಿಸಿ ಅದನ್ನು ಮುಚ್ಚಿದರು. ಅಜ್ಜ ತೆರೆದಿಟ್ಟದ್ದನ್ನು ಮೊಮ್ಮಗ ಮುಚ್ಚಿದ. ಒಳಗಿನ ಕತ್ತಲೆಗೆ ಅವನನ್ನು ಬೈಯುವವರಿದ್ದಾರೆ. ಆ ಜಾಲರಿಗಳಿಂದ ಸೋಸಿ ಬರುವ ಬೆಳಕನ್ನು ಕಂಡವನಾದ ನಾನು ಬೈಯಲಾರೆ.

ಬೇಲೂರಿನಿಂದ ಹಳೆಯಬೀಡಿಗೆ 16 ಕಿಲೋಮೀಟರು. ಅಲ್ಲಿಯ ಹೊಯ್ಸಳೇಶ್ವರವನ್ನು ರಾಜನ ಅಧಿಕಾರಿ ಕೇತಮಲ್ಲ ಕಟ್ಟಿಸಿದ, 1121ರ ಶಾಸನವಿದೆ. ಒಂದು ಗರ್ಭಗುಡಿ ಅರಸನ ಹೆಸರಿಗೆ, ಇನ್ನೊಂದು ಶಾಂತಲೆಯ ಹೆಸರಿಗೆ. ಇಲ್ಲಿ ಹೊಸ ರುಜುಗಳು ಕಾಣುತ್ತವೆ: ಮಾಬಲ, ಬಳ್ಳಣ, ಬೋಚಣ, ಕೇತಣ, ರೇವೋಜ. ಕೆಲಸ ದಶಕಗಟ್ಟಲೆ ಎಳೆಯಿತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಗಿಯುತ್ತದೆ. ಕಲ್ಲೇನೋ ಅವಸರ ಮಾಡುತ್ತದೆ, ಮನುಷ್ಯರು ಅವಸರಿಸಲಿಲ್ಲ.

ಮಲ್ಲಿತಮ್ಮನ ವಿಷಯ ಇನ್ನೂ ವಿಚಿತ್ರ. 1196ರ ಅಮೃತಾಪುರದ ಗುಡಿಯಲ್ಲಿ ಅವನ ಹೆಸರಿದೆ. ಅರುವತ್ತಕ್ಕೂ ಮೀರಿದ ವರ್ಷಗಳ ಮೇಲೆ ಕಟ್ಟಿದ ಸೋಮನಾಥಪುರದಲ್ಲೂ ಇದೆ. ಒಬ್ಬನೇ ಎನ್ನುವವರು ಅವನ ಆಯುಸ್ಸಿಗೆ ಬೆರಗಾಗುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನವನಾದ ನನಗೆ ಇಬ್ಬರಿರಬಾರದೇಕೆ ಎನ್ನಿಸುತ್ತದೆ. ಉಳಿಯ ಜೊತೆಗೆ ಹೆಸರೂ ಕೈ ಬದಲಾಯಿಸಿದ್ದರೆ ಆಶ್ಚರ್ಯವೇನು? ಪಂಡಿತರು ಒಪ್ಪಬೇಕೆಂದಿಲ್ಲ.

ಮೂರನೆಯ ಹಂತ ಅರಸೀಕೆರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಬೇಲೂರು, ಹಳೆಯಬೀಡು, ಸೋಮನಾಥಪುರ, ಅರಸೀಕೆರೆ ಅದರಲ್ಲಿಲ್ಲ. ನಮ್ಮವರಿಗೆ ಅದು ರೈಲಿನ ಜಂಕ್ಷನ್, ಅಷ್ಟೆ. ನಿಲ್ದಾಣದಲ್ಲಿ ಕಾಫಿ ಕುಡಿದು ಮುಂದೆ ಹೋಗುವವರೇ ಬಹಳ. ಊರೊಳಗೆ ಬಲ್ಲಾಳನ ಮಂತ್ರಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವಿದೆ, 1220ರ ಈಶ್ವರ ಗುಡಿ ಇದೆ. ಬೇಲೂರಿನ ಪ್ರತಿಷ್ಠೆಗೆ ಆಗ 103 ವರ್ಷ ತುಂಬಿತ್ತು. ದಾಸೋಜನ ಮರಿಮಕ್ಕಳ ಕಾಲ ಅದು. ಈ ಗುಡಿಯ ಮುಂದಿನ ಮಂಟಪ ನಕ್ಷತ್ರದಾಕಾರದ್ದು, ಸುತ್ತಲೂ ಒರಗಿ ಕೂರಲು ಕಲ್ಲಿನ ಜಗಲಿ. ಜಾಲಂಧ್ರ ಹಾಕಿ ಇದನ್ನು ಯಾರೂ ಮುಚ್ಚಲಿಲ್ಲ. ಗಾಳಿ, ಬಿಸಿಲು ಈಗಲೂ ಧಾರಾಳವಾಗಿ ಒಳಗೆ ಬರುತ್ತವೆ.